ನಾರ್ಮಲ್ ಇಸಿಜಿ ಮತ್ತು ಹನ್ನೊಂದು ಅಂಗಡಿಗಳು

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಅಬುಧಾಬಿಯ ಫ್ಲ್ಯಾಟಿಗೆ ಯಾರೇ ಬಂದರೂ ಚಹಾಕ್ಕಿಂತ ಮೊದಲು ನನ್ನ ಗಂಡನ ಇಸಿಜಿ ಬರುತ್ತಿತ್ತು. ಕಂಪನಿಯ ವಾರ್ಷಿಕ ತಪಾಸಣೆಯಲ್ಲಿ ತೆಗೆದದ್ದು. ಗುಲಾಬಿ ಚೌಕುಳಿಯ ಕಾಗದದ ಮೂಲೆಯಲ್ಲಿ ‘ನಾರ್ಮಲ್’ ಎಂದು ಬರೆದಿತ್ತು. ಮಗನ ಪ್ರೋಗ್ರೆಸ್ ಕಾರ್ಡನ್ನೂ ಇವರು ಅಷ್ಟು ಜೋಪಾನ ಮಾಡಿದವರಲ್ಲ. ಇದಕ್ಕೆ ಮಾತ್ರ ಪ್ಲಾಸ್ಟಿಕ್ ಹೊದಿಕೆ.

“ಇಪ್ಪತ್ತೈದರ ಹುಡುಗನ ಹಾರ್ಟ್ ಮಾರಾಯ,” ಎಂದು ಇನ್ನೊಂದು ಗೋಳಿಬಜೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಯಂತ್ರವೇ ಅನುಮತಿ ಕೊಟ್ಟ ಮೇಲೆ ಹೆಂಡತಿಯದೇನು?

ಆ ಚಳಿಗಾಲದಲ್ಲಿ ಇವರಿಗೆ ಹೊಸ ಆಸಕ್ತಿಯೊಂದು ಹುಟ್ಟಿತು. ಮದುವೆಯಾದ ಹದಿನೆಂಟು ವರ್ಷಗಳಲ್ಲಿ ಒಂದು ಅಂಗಡಿಯ ಕಡೆಗೂ ಕತ್ತೆತ್ತಿ ನೋಡದ ಮನುಷ್ಯ, ಸಂಜೆ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ವಾಕಿಂಗ್ ಹೋದಾಗ ಗಾಜಿನೆದುರು ನಿಲ್ಲತೊಡಗಿದರು. ಮೊದಲು ಕ್ಯಾಮೆರಾ. ಸ್ವಲ್ಪ ಮುಂದೆ ಮಿಕ್ಸಿ. ಆಮೇಲೆ ಹೆಂಗಸರ ನೈಟಿಗಳ ಅಂಗಡಿಯೆದುರು ಎರಡು ನಿಮಿಷ, ಬಹಳ ಗಂಭೀರವಾಗಿ. ನನಗೇನೋ ಕೊಡಿಸುತ್ತಾರೆ ಎಂದುಕೊಳ್ಳುವಷ್ಟು ಎಳೆಯ ಹೆಂಡತಿಯಲ್ಲ ನಾನು. ಗಾಜಿನಲ್ಲಿ ನನಗೆ ಕಂಡದ್ದು ಇವರ ಕೈ. ಅಂಗಿಯ ಎರಡನೇ ಗುಂಡಿಯ ಮೇಲೆ ಒತ್ತಿ ಹಿಡಿದಿತ್ತು. ಕೈ ಇಳಿದೊಡನೆ ನೈಟಿಯ ಮೇಲಿನ ಆಸಕ್ತಿಯೂ ಇಳಿಯುತ್ತಿತ್ತು. “ಯಲ್ಲಾ, ನಡಿ,” ಎಂದು ಅರಬ್ಬಿ ಬೆರೆಸಿ ಅವಸರ ಮಾಡುತ್ತಿದ್ದರು.

“ಎದೆ ನೋವುಂಟಾ?” ಎಂದೆ ಒಂದು ದಿನ.

“ಗ್ಯಾಸ್. ಇಸಿಜಿ ನಾರ್ಮಲ್ ಉಂಟಲ್ಲ ಮಾರಾಯ್ತಿ, ನೀನೆಂತ ಡಾಕ್ಟರಾ?”

ಅಲ್ಲ. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದು ಕಸೂತಿ ಹಾಕುವುದನ್ನು ಮತ್ತು ಎದುರುತ್ತರ ಕೊಡದಿರುವುದನ್ನು. ಎರಡರಲ್ಲೂ ನನಗೆ ಬಹುಮಾನ ಬಂದಿತ್ತು.

ಮುಂದಿನ ವಾರ ನನ್ನ ಥೈರಾಯ್ಡ್ ತೋರಿಸಲು ಧಾರವಾಡದ ಕಡೆಯ ಡಾಕ್ಟರೊಬ್ಬರ ಬಳಿ ಹೋದೆವು. ಅವರು ನನ್ನ ಕುತ್ತಿಗೆ ಮುಟ್ಟಿ ನೋಡುವಷ್ಟರಲ್ಲಿ ಇವರ ಇಸಿಜಿ ಮೇಜಿನ ಮೇಲಿತ್ತು.

“ಛಲೋ ಅದರಿ,” ಎಂದರು ಡಾಕ್ಟರು. “ವಾಕಿಂಗ್ ಮಾಡ್ತೀರೇನು?”

“ದಿನಾ ಒಂದು ಗಂಟೆ!”

“ನಡುವೆ ಹನ್ನೊಂದು ಅಂಗಡಿ, ಡಾಕ್ಟ್ರೇ,” ಎಂದೆ. ಅದು ನನ್ನದೇ ದನಿ ಎಂದು ನಂಬಲು ನನಗೂ ಸ್ವಲ್ಪ ಹೊತ್ತು ಬೇಕಾಯಿತು. ಇವರು ಎಲ್ಲೆಲ್ಲಿ ನಿಲ್ಲುತ್ತಾರೆ, ಆಗ ಕೈ ಎಲ್ಲಿರುತ್ತದೆ, ಎಲ್ಲ ಹೇಳಿದೆ. ಇವರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. “ಇದು ಮಲಗಿದಾಗ ತಗದದ್ದರಿ ಸರ. ಮಲಗಿದಾಗ ಎಲ್ಲಾರ ಹಾರ್ಟೂ ಶಾಣ್ಯಾನ ಇರತದ. ಒಂದ್ ಸಲ ನಡಿಸಿ ನೋಡೂಣು.”

ಮರುದಿನ ಟ್ರೆಡ್‌ಮಿಲ್ಲನ್ನು ನಾಲ್ಕನೇ ನಿಮಿಷಕ್ಕೇ ನಿಲ್ಲಿಸಿದರು. ಆಂಜಿಯೋಗ್ರಾಮ್ ಮಾಡಿದಾಗ ಎರಡು ರಕ್ತನಾಳಗಳು ಇನ್ನೇನು ಮುಚ್ಚಿಹೋಗುವ ಹಾಗಿದ್ದವು. ವಾರದೊಳಗೆ ಎರಡಕ್ಕೂ ಸ್ಟೆಂಟ್ ಕೂರಿಸಿದರು.

ವಾರ್ಡಿಗೆ ಇವರ ಸ್ನೇಹಿತರೊಬ್ಬರು ನೋಡಲು ಬಂದರು. “ಹೇಗೆ ಗೊತ್ತಾಯ್ತು ಮಾರಾಯ?”

“ಎಂತ ಹೇಳುದು, ನಂಗೇ ಒಂದು ಡೌಟ್ ಬಂತು. ಸೀದಾ ಡಾಕ್ಟ್ರ ಹತ್ರ ಹೋದೆ,” ಎಂದರು ಇವರು, ದಿಂಬಿಗೆ ಒರಗಿ.

ನಾನು ಕಿತ್ತಳೆ ಸುಲಿಯುತ್ತಿದ್ದೆ. ಹೇಳಿಕೊಳ್ಳಲಿ. ಹೇಳುವುದಕ್ಕೆ ಇದ್ದಾರಲ್ಲ, ಸಾಕು.