ಉಪವಾಸದ ಪುಟಕ್ಕೆ ಬಿದ್ದ ಕಣ್ಣು

ಷಿಕಾಗೋ ಬಳಿಯ ಎಲ್ಕ್ ಗ್ರೋವ್ ವಿಲೇಜಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಪದ್ಮಜಾ ಅಡುಗೆಮನೆಯ ಮೇಜಿನ ಮುಂದೆ ಕೂತು, ಐರ್ಲೆಂಡಿನ ಹಳೆಯ ಹಸ್ತಪ್ರತಿಯೊಂದರ ಫೋಟೋವನ್ನು ಅದರ ಟೈಪಾದ ಪುಟದೊಂದಿಗೆ ಅಕ್ಷರ ಅಕ್ಷರವಾಗಿ ಹೋಲಿಸುತ್ತಿದ್ದಾರೆ. ಒಂದೇ ಒಂದು ತಪ್ಪು ಸಿಕ್ಕಿದರೆ ಇವತ್ತಿನ ಕಾಫಿ ರುಚಿಸುತ್ತದೆ. ಹಾಳಾದ್ದು, ಸಿಗುತ್ತಿಲ್ಲ.

ಎಂಟಕ್ಕೆ ಅವರು ಪ್ಯಾಕಿಂಗ್ ಕಂಪನಿಯಲ್ಲಿ ಲೇಬಲ್ಲುಗಳ ತಪ್ಪು ನೋಡುವ ಕೆಲಸಕ್ಕೆ ಹೊರಡಬೇಕು. ಅದಕ್ಕೂ ಮುಂಚಿನ ಹೊತ್ತು ವಿಶ್ವವಿದ್ಯಾಲಯವೊಂದರ ನಿಘಂಟಿಗೆ ಮೀಸಲು. ಮಧ್ಯಯುಗದಲ್ಲಿ ಐರಿಷ್ ಭಾಷೆಗೆ ಬಂದು ಸೇರಿದ ಲ್ಯಾಟಿನ್ ಪದಗಳ ನಿಘಂಟು ಅದು. ಸಂಬಳವಿಲ್ಲ. ಹಸ್ತಪ್ರತಿಯ ಪುಟ ಟೈಪ್ ಮಾಡಿದವರ ಹೆಸರು ಅದರಡಿ ಬರುತ್ತದೆ, ಅಷ್ಟೇ. ಭಾಷಣಕ್ಕೆ, ಶಾಲಿಗೆ ಬೇರೆಯವರಿದ್ದಾರೆ.

ಅದರಲ್ಲಿ ಉಪವಾಸದ ಪದವಿರುವ ಒಂದು ಪುಟಕ್ಕಾಗಿ ಪದ್ಮಜಾ ಎರಡು ವರ್ಷ ಕಾದಿದ್ದರು. ಐರಿಷ್‌ನಲ್ಲಿ ಶುಕ್ರವಾರದ ಹೆಸರು ಹುಟ್ಟಿದ್ದೇ ಉಪವಾಸವೆಂಬ ಅರ್ಥದ ಲ್ಯಾಟಿನ್ ಪದದಿಂದ. ಬುಧವಾರ ಎಂದರೆ ಮೊದಲ ಉಪವಾಸ, ಗುರುವಾರ ಎರಡು ಉಪವಾಸಗಳ ನಡುವಿನ ದಿನ. ಏಕಾದಶಿಗೆ ತೊಟ್ಟು ನೀರೂ ಮುಟ್ಟದ ಅವರಿಗೆ ಉಪವಾಸದಿಂದಲೇ ವಾರ ಎಣಿಸಿದ ಆ ಕಾಲದ ಐರಿಷ್ ಸನ್ಯಾಸಿಗಳು ನೆಂಟರಂತೆ ಕಂಡಿದ್ದರು.

ಹೊಸ ಪುಟಗಳು ಬರುವುದು ಷಿಕಾಗೋದ ಬೆಳಗಿನ ಐದಕ್ಕೆ; ಮೊದಲು ಎತ್ತಿಕೊಂಡವರದೇ ಪುಟ. ಮಿಷಿಗನ್ನಿನ ವಿಕ್ಸಮ್‌ನಲ್ಲಿ ಆಗಲೇ ಆರು. ಅಲ್ಲಿನ ನಿವೃತ್ತ ಎಂಜಿನಿಯರ್ ಅಕ್ಷೋಭ್ಯ ಸುಖವಾಗಿ ನಿದ್ದೆ ಮುಗಿಸಿ ಎದ್ದು, ಆ ಪುಟವನ್ನು ಎತ್ತಿಕೊಂಡುಬಿಟ್ಟರು. ಪದ್ಮಜಾ ಎದ್ದಾಗ ಐದೂ ಹತ್ತು.

“ಇಲ್ಲಿಗೆ ಬಂದಿದ್ದಾಗ ಏಕಾದಶಿ ದಿನ ಲೆಮಾಂಟ್ ಟೆಂಪಲ್‌ನಲ್ಲಿ ದೋಸೆ ತಿಂತಿದ್ರು, ನಾನೇ ನೋಡಿದೀನಿ. ಉಪವಾಸ ನಂದು, ಪುಟ ಅವ್ರದ್ದು,” ಎನ್ನುತ್ತಾರೆ. ಹೊಟ್ಟೆ ಉರಿಯುವುದನ್ನು ಮುಚ್ಚಿಡುವ ಜಾಯಮಾನ ಅವರದಲ್ಲ.

ಈಗ ಆ ಪುಟವೇ ಪರಿಶೀಲನೆಗೆಂದು ಅವರ ಮುಂದೆ ಬಂದು ಕೂತಿದೆ. ಇವತ್ತು ಸಂಜೆಯೊಳಗೆ ಒಪ್ಪಿಗೆ ಕೊಡದಿದ್ದರೆ ನಿಯಮದಂತೆ ಪುಟ ರದ್ದಾಗುತ್ತದೆ. ಆಮೇಲೆ ಯಾರು ಬೇಕಾದರೂ ಹೊಸದಾಗಿ ಮಾಡಬಹುದು. ಎರಡು ದಿನದಿಂದ ಪದ್ಮಜಾ ಅದನ್ನು ಬೇಕೆಂದೇ ತಡೆದಿದ್ದಾರೆ. ಸುಮ್ಮನಿರು, ತಾನಾಗೇ ನಿನ್ನ ಕೈಗೆ ಬರುತ್ತೆ ಎಂದು ಗಂಡ ರಘೋತ್ತಮ ಬೇರೆ ಕುಮ್ಮಕ್ಕು ಕೊಟ್ಟಿದ್ದಾರೆ.

ಕೊನೆಯ ಸಾಲೂ ಮುಗಿಯುತ್ತದೆ. ಎಲ್ಲವೂ ಸರಿಯಾಗಿದೆ. ಪದ್ಮಜಾ ಸ್ವಲ್ಪ ಹೊತ್ತು ಪರದೆಯನ್ನೇ ದುರುಗುಟ್ಟಿ ನೋಡಿ, ಒಪ್ಪಿಗೆಯ ಗುಂಡಿ ಒತ್ತುತ್ತಾರೆ. ಪುಟದಡಿ ಅಕ್ಷೋಭ್ಯರ ಹೆಸರು ಮೂಡುತ್ತದೆ.

ಹೊಟ್ಟೆಕಿಚ್ಚು ಇಳಿಯಿತೇ ಎಂದರೆ ಅವರು ಅಡ್ಡಡ್ಡ ತಲೆಯಾಡಿಸುತ್ತಾರೆ.

“ಎಲ್ಲಿ ಇಳಿಯತ್ತೆ? ಆದ್ರೆ ಸರಿ ಇರೋದನ್ನ ಸರಿ ಇಲ್ಲ ಅನ್ನೋಕಾಗತ್ತಾ? ಮುಂದಿನ ಪುಟದಲ್ಲಾದ್ರೂ ಆ ಮನುಷ್ಯ ಒಂದು ತಪ್ಪು ಮಾಡ್ಲಿ. ಸಣ್ಣದು ಸಾಕು.”