ಗೋಪಮ್ಮನ ಹೆಸರಿನ ನೀರು

ಉದಯಕುಮಾರ, ಅಂದರೆ ಇದನ್ನು ಬರೆಯುತ್ತಿರುವ ಮಹಾನುಭಾವನೇ, ರಾಯಚೂರಿನ ಒಂದು ಎಲೆಕ್ಟ್ರಿಕಲ್ ಅಂಗಡಿಯ ಕೂಲಿಯಾಳು. ಅಂಗಡಿಯವರು ಅವನನ್ನು ಟೆಕ್ನಿಷಿಯನ್ ಎನ್ನುತ್ತಾರೆ, ಅವನ ತಾಯಿ ವೈರ್ ಜಗ್ಗುವವನು ಎನ್ನುತ್ತಾಳೆ. ತಾಯಿಯ ಮಾತೇ ನಿಜಕ್ಕೆ ಹತ್ತಿರ. ಮಾನ್ವಿಯ ವೃದ್ಧಾಶ್ರಮವೊಂದರ ಮಂಚಗಳಿಗೆಲ್ಲ ಕರೆಗಂಟೆ ಕೂಡಿಸುವ ಕೆಲಸ ಬಂದಾಗ, ಟೂಲ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದ ಅವನ ತಲೆಯಲ್ಲಿದ್ದ ಕಲ್ಪನೆಯೇ ಬೇರೆ. ವೃದ್ಧಾಶ್ರಮವೆಂದರೆ ಎಲ್ಲರೂ ವಿಭೂತಿ ಹಚ್ಚಿಕೊಂಡು ಭಜನೆ ಮಾಡುತ್ತ ಕೂತಿರುತ್ತಾರೆ, ಅಲ್ಲಿ ಯಾರಿಗೂ ಯಾರ ಮೇಲೂ ಸಿಟ್ಟೇ ಇರುವುದಿಲ್ಲ ಎಂದು ಅವನು ನಂಬಿದ್ದ.

ಕಿಟಕಿ ಪಕ್ಕದ ಮಂಚದಲ್ಲಿ ದೊಡ್ಡ ಮೈಯ ಮುದುಕರೊಬ್ಬರಿದ್ದರು. ಲಕ್ವಾ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು. ನಡುವಯಸ್ಸಿನ ಆಯಾ ಒಬ್ಬಳು ಮಂಚದ ತಲೆಭಾಗವನ್ನು ಎತ್ತರಿಸಿ, ಗದ್ದದ ಕೆಳಗೆ ಟವೆಲ್ ಸಿಕ್ಕಿಸಿ, ನೆತ್ತಿಗೆ ಹತ್ತದಂತೆ ಚಮಚದಿಂದ ನೀರು ಕುಡಿಸುತ್ತಿದ್ದಳು. ಪ್ರತಿ ಚಮಚಕ್ಕೂ ಮೊದಲು ಅವಳು ಅನ್ನುತ್ತಿದ್ದಳು: "ಗೋಪವ್ವನ ಹೆಸರಿಲೆ."

ಹಿರಿಯರಿಗೆ ಎಡೆ ಇಡುವಾಗ ಸತ್ತವರ ಹೆಸರು ಹಿಡಿದು ನೀರು ಬಿಡುವುದನ್ನು ಉದಯಕುಮಾರ ಮನೆಯಲ್ಲಿ ಚಿಕ್ಕಂದಿನಿಂದ ಕಂಡವನೇ. ಆದ್ದರಿಂದ ಗೋಪವ್ವ ತೀರಿಕೊಂಡವಳು ಎಂಬುದು ಅವನಿಗೆ ಕೂಡಲೇ ತಿಳಿಯಿತು. ತಿಳಿದದ್ದು ಅಷ್ಟೇ. ಮಿಕ್ಕದ್ದನ್ನು ಅವನು ತಾನೇ ಕಟ್ಟಿಕೊಂಡ: ಆಕೆ ಈ ಮುದುಕರ ಹೆಂಡತಿ, ಈ ಪ್ರೇಮಮೂರ್ತಿ ಅವಳ ಹೆಸರಿಲ್ಲದೆ ಗುಟುಕು ನೀರನ್ನೂ ನುಂಗುವುದಿಲ್ಲ. ಅವನ ಕಣ್ಣು ಒದ್ದೆಯಾದವು. ಸ್ಕ್ರೂಡ್ರೈವರ್ ಹಿಡಿದ ಕೈಯನ್ನೇ ಜೋಡಿಸಿ ಮಂಚದ ಹತ್ತಿರ ಹೋಗಿ ಹೇಳಿದ:

"ಯಜಮಾನ್ರ, ಗೋಪಮ್ಮನವ್ರು ಭಾಳ ಪುಣ್ಯವಂತ್ರು ಬಿಡ್ರಿ. ಗಂಡ ಅಂದ್ರ ಹಿಂಗಿರಬೇಕು."

ಮುದುಕರು ಬಾಯಲ್ಲಿದ್ದ ನೀರನ್ನು ಪೂರ್ತಿ ಅವನ ಅಂಗಿಯ ಮೇಲೆ ಉಗಿದರು. ಆಯಾ ಸ್ಟೂಲಿನ ಮೇಲೆ ಕುಸಿದು, ಸೆರಗು ಬಾಯಿಗೆ ಒತ್ತಿ, ಭುಜ ಕುಣಿಯುವ ಹಾಗೆ ನಕ್ಕಳು.

"ಯಪ್ಪಾ, ಎಲ್ಲಿಂದ ಬಂದ್ಯೋ ನೀನು! ಗೋಪವ್ವ ಇವ್ರ ಹೇಣ್ತಿ ಅಲ್ಲೋ, ನಮ್ಮಕ್ಕ." ನಗು ನಿಂತಿತು. ಕರೆಂಟ್ ಹೋಯಿತು ಎನ್ನುವಷ್ಟೇ ಸಹಜವಾಗಿ ಅವಳು ಮಾತು ಮುಗಿಸಿದಳು: "ಇವ್ರು ನೀರು ಕೊಡಲಾರದ ಕೊಂದಾರ."

ಆಮೇಲೆ ಅಂಗಿ ಒರೆಸಿಕೊಳ್ಳಲು ಅದೇ ಟವೆಲನ್ನು ಅವನ ಕೈಗೆ ಕೊಟ್ಟಳು.

ಅವಳ ಹೆಸರು ಮಾನಮ್ಮ. ದೇವದುರ್ಗದವಳು. ಹಡೆದವ್ವನ ಮುಖ ಅವಳಿಗೆ ನೆನಪಿಲ್ಲ. ಸಾಕಿದವಳು ಅಕ್ಕ ಗೋಪಮ್ಮ. ಮದುವೆಯಾದ ವರ್ಷದಲ್ಲೇ ಗಂಡನನ್ನು ಕಳೆದುಕೊಂಡ ಗೋಪಮ್ಮ ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು, ತಂಗಿಯನ್ನು ಸೊಂಟದ ಮೇಲೆ ಹೊತ್ತುಕೊಂಡೇ ಕೂಲಿಗೆ ಹೋದವಳು. ಬೇಸಗೆಯಲ್ಲಿ ವ್ಯಾಪಾರಸ್ಥರು ಬಸ್‌ಸ್ಟ್ಯಾಂಡಿನ ಹತ್ತಿರ ಇಡಿಸುತ್ತಿದ್ದ ಅರವಟಿಗೆಯಲ್ಲಿ ನೀರು ಹಾಕುವ ಕೆಲಸವೂ ಅವಳದೇ. ಬಸ್ಸಿನ ಕಿಟಕಿಯಿಂದ ಯಾರಾದರೂ ಕೈ ಚಾಚಿದರೆ ಸಾಕು, ಚೊಂಬು ಹಿಡಿದು ಓಡುತ್ತಿದ್ದಳು. ಚಲಿಸುವ ಬಸ್ಸಿಗೂ ನೀರು ಕುಡಿಸುತ್ತಾಳೆ ಎಂದು ಡ್ರೈವರುಗಳು ತಮಾಷೆ ಮಾಡುತ್ತಿದ್ದರಂತೆ.

ಮುಂದೆ ಗೋಪಮ್ಮನ ಕಾಲು ಸೋತವು. ಮಾನಮ್ಮ ಆಗ ಊರಲ್ಲೇ ಒಂದು ಹಾಸ್ಟೆಲಿನಲ್ಲಿ ಅಡುಗೆಯವಳು, ವಾಸವೂ ಅಲ್ಲೇ. ಅಕ್ಕನನ್ನು ಅಲ್ಲಿಟ್ಟುಕೊಳ್ಳುವಂತಿರಲಿಲ್ಲ. ರಾಯಚೂರಿನಲ್ಲಿ ಮರಿಸ್ವಾಮಿ ಎಂಬ ಸಾಹುಕಾರರು ವೃದ್ಧಾಶ್ರಮ ನಡೆಸುತ್ತಾರೆ, ದಿಕ್ಕಿಲ್ಲದವರನ್ನೂ ಸೇರಿಸಿಕೊಳ್ಳುತ್ತಾರೆ ಎಂದು ಯಾರೋ ಹೇಳಿದರು. ಗೋಡೆಗೆ ಸುಣ್ಣ, ಬಾಗಿಲಿಗೆ ತೋರಣ, ಮಂಚಕ್ಕೊಂದು ಕರೆಗಂಟೆ. ಮಾನಮ್ಮ ಅಕ್ಕನನ್ನು ತಾನೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟುಬಂದಳು.

ನೋಡಲು ಹೋದಾಗಲೆಲ್ಲ ಗೋಪಮ್ಮ ಅದೇ ಮಾತು ಅನ್ನುತ್ತಿದ್ದಳು. "ಮಾನೀ, ನೀರು ಕೊಡಂಗಿಲ್ಲ ಬೇ ಇಲ್ಲಿ."

ಮಾನಮ್ಮ ಆಫೀಸಿಗೆ ಹೋಗಿ ಕೇಳಿದಳು. ಮರಿಸ್ವಾಮಿ ಫ್ಯಾನಿನ ಕೆಳಗೆ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ಸಿಟ್ಟಾಗಲಿಲ್ಲ. ಮುಗುಳ್ನಕ್ಕು ಹೇಳಿದರು: "ವಯಸ್ಸಾದವ್ರು ಹಂಗ ಅಂತಾರವ್ವ. ಕುಡಿದದ್ದು ಮರೀತಾರ. ನೀ ಮನಸ್ಸಿಗೆ ಹಚ್ಕೋಬ್ಯಾಡ."

ಮಾನಮ್ಮ ನಂಬಿದಳು. ನಂಬಿದ್ದಷ್ಟೇ ಅಲ್ಲ, ಒಳಗೆ ಹೋಗಿ ಅಕ್ಕನನ್ನೇ ಬೈದಳು. "ಅಷ್ಟು ದೊಡ್ಡ ಮನುಷ್ಯಾರ ಮ್ಯಾಲೆ ಸುಳ್ಳು ಹೇಳ್ತಿ, ನಾಚಿಕಿ ಬರಂಗಿಲ್ಲ?" ಗೋಪಮ್ಮ ಆಮೇಲೆ ನೀರಿನ ಮಾತೆತ್ತಲಿಲ್ಲ. ಸೆಕೆ ಏರಿದ ಒಂದು ದಿನ ಬಚ್ಚಲಿನಲ್ಲಿ ಬಿದ್ದು ಸತ್ತಳು ಎಂದು ಫೋನು ಬಂತು. ಮೈ ತೊಳೆಯುವಾಗ ಮಾನಮ್ಮ ಅಕ್ಕನ ಬೆನ್ನು ನೋಡಿದಳು. ಅಲ್ಲಿ ಚರ್ಮಕ್ಕಿಂತ ಹುಣ್ಣೇ ಹೆಚ್ಚಿತ್ತು.

ನಿಜ ಹೇಳಿದವಳು ಅಲ್ಲಿ ಕಸ ಹೊಡೆಯುತ್ತಿದ್ದ ಮುದುಕಿ ಖಾಸಿಂ ಬೀ. ಮಣ್ಣು ಮಾಡಿ ಮುಗಿದ ಮೇಲೆ ದೇವದುರ್ಗಕ್ಕೇ ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತು ಅತ್ತಳು. "ಸಂಜಿ ಆತಂದ್ರ ನೀರು ಬಂದ್ ಮಾಡ್ತಿದ್ರಮ್ಮಾ. ಕುಡಿದ್ರ ಹಾಸಿಗಿ ಹಸಿ ಮಾಡ್ತಾರ, ತೊಳೆಯೋರು ಯಾರು ಅಂತ. ಗಂಟಿ ಭಾಳ ಹೊಡೀತಾರ, ನಿದ್ದಿ ಕೆಡ್ತದ ಅಂತ ವೈರ್ ಕಿತ್ತಿಸಿಬಿಟ್ರು. ನಿಮ್ಮಕ್ಕ ಬಕೆಟ್ ನೀರಿಗೆ ಅಂತ ತೆವಳಿಕೊಂಡು ಹೋಗ್ಯಾಳ. ಖುದಾ ಕಸಮ್, ನಾ ಕಂಡೀನಿ."

ಮಾನಮ್ಮ ದೂರು ಕೊಟ್ಟಳು. ವಿಚಾರಣೆಗೆ ಬಂದವರಿಗೆ ಪ್ರತಿ ಮಂಚದ ಪಕ್ಕ ತುಂಬಿದ ತಂಬಿಗೆ ಕಂಡಿತು, ಪ್ರತಿ ಗಂಟೆಗೂ ಹೊಸ ವೈರು ಕಂಡಿತು. ಖಾಸಿಂ ಬೀ ಹೇಳಿದ್ದನ್ನು ಅವರು ಮುದುಕಿಯ ಮಾತು ಎಂದರು. ಗೋಪಮ್ಮ ಸತ್ತದ್ದು ವಯಸ್ಸಾಗಿ ಎಂದಾಯಿತು.

ಮಾನಮ್ಮ ಹಾಸ್ಟೆಲಿನ ಸೌಟು ಬಿಟ್ಟಳು. ಮಾನ್ವಿಗೆ ಬಂದು ಆಯಾ ಕೆಲಸಕ್ಕೆ ಸೇರಿದಳು. ಹೊರಳಿಸುವುದು, ಎತ್ತಿ ಕೂಡಿಸುವುದು, ಕುಡಿಸುವುದು, ಬಚ್ಚಲ ನೆಲ ಒಣಗಿಸುವುದು, ಎಲ್ಲವನ್ನೂ ಕಲಿತಳು. ಅಕ್ಕನಿಗೆ ಮಾಡದ್ದನ್ನು ಬೇರೆಯವರಿಗೆ ಮಾಡಿ ಸಮಾಧಾನ ಪಡುತ್ತಾಳೆ ಎಂದು ಅಲ್ಲಿಯವರು ಮರುಗುತ್ತಿದ್ದರು. ಸಮಾಧಾನ ಅವಳಿಗೆ ಬೇಕಿರಲೇ ಇಲ್ಲ. ಅವಳಿಗೆ ಬೇಕಿದ್ದದ್ದು ಒಂದೇ ಮಾತು. ಗೋಪಮ್ಮ ನೀರು ಕೇಳಿದ್ದಳು ಎಂಬ ಮಾತು, ಅದೂ ಮರಿಸ್ವಾಮಿಯ ಬಾಯಿಂದಲೇ.

ಕಾಲ ಉರುಳಿತು. ಸಾಹುಕಾರರ ವೃದ್ಧಾಶ್ರಮ ಮುಚ್ಚಿ, ಕಟ್ಟಡ ಟೈಲ್ಸ್ ಗೋದಾಮಾಯಿತು. ಅವರಿಗೆ ಲಕ್ವಾ ಹೊಡೆಯಿತು. ಮಗಳು ಶೈಲಶ್ರೀ ಮಾನ್ವಿಯಲ್ಲಿ ಶಾಲೆಯ ಮೇಡಂ. ಅಷ್ಟು ದೊಡ್ಡ ಮೈಯನ್ನು ಎತ್ತಿ ಇಳಿಸುವವರು ಮನೆಯಲ್ಲಿಲ್ಲದೆ ತಂದೆಯನ್ನು ಇಲ್ಲಿಗೆ ತಂದು ಸೇರಿಸಿದಳು. ಸ್ಟ್ರೆಚರಿನಿಂದ ಇಳಿಸುವಾಗ ಮಾನಮ್ಮ ಅವರನ್ನು ಗುರುತಿಸಿದಳು, ಅವರೂ ಅವಳನ್ನು ಗುರುತಿಸಿದರು. ಅವಳು ನೇರ ಸೂಪರಿಂಟೆಂಡೆಂಟ್ ಹತ್ತಿರ ಹೋದಳು. "ಆ ಮಂಚ ನನಗಿರ್ಲಿ ಮೇಡಂ." ಭಾರದ ರೋಗಿ, ಯಾರಿಗೂ ಬೇಡವಾಗಿದ್ದ. ಸೂಪರಿಂಟೆಂಡೆಂಟ್ ಸಂತೋಷವಾಗಿ ಒಪ್ಪಿದರು.

ಇಷ್ಟನ್ನೂ ಮಾನಮ್ಮ ಚಹಾ ಕುಡಿಯುತ್ತ ಉದಯಕುಮಾರನಿಗೆ ಹೇಳಿದಳು. ಈ ಹೆಂಗಸು ಮುದುಕರಿಗೆ ವಿಷ ಹಾಕುವ ದಿನ ತಾನು ಕೂಡಿಸಿದ ಗಂಟೆಯೇ ಸಾಕ್ಷಿಯಾಗುತ್ತದೆ, ಕೋರ್ಟಿಗೆ ತಾನೇ ಓಡಾಡಬೇಕಾಗುತ್ತದೆ, ಅಂಗಡಿಯವರು ರಜೆ ಕೊಡುವುದಿಲ್ಲ ಎಂಬಲ್ಲಿಯವರೆಗೆ ಅವನ ಯೋಚನೆ ಓಡಿತು.

ಆದರೆ ಸರ್ವಿಸಿಗೆಂದು ಹೋದಾಗಲೆಲ್ಲ ಅವನು ಕಂಡದ್ದೇ ಬೇರೆ. ಇಡೀ ಆಶ್ರಮದಲ್ಲಿ ಮರಿಸ್ವಾಮಿಯಷ್ಟು ಚೊಕ್ಕಾಗಿದ್ದವರು ಯಾರೂ ಇರಲಿಲ್ಲ. ಹಾಸಿಗೆ ಸುಕ್ಕಿಲ್ಲ, ಉಗುರು ಕತ್ತರಿಸಿದೆ, ಬೀಳದಂತೆ ಮಂಚದ ಪಕ್ಕದ ಕಂಬಿ ಏರಿಸಿದೆ, ಗಂಟೆಯ ಗುಂಡಿ ಸ್ವಾಧೀನವಿದ್ದ ಎಡಗೈಯ ಪಕ್ಕದಲ್ಲೇ ಇದೆ. ಹೊತ್ತುಹೊತ್ತಿಗೆ ಮಗ್ಗಲು ಬದಲಿಸುತ್ತಾಳೆ. ಬದಲಿಸುವಾಗ ಮೆಲ್ಲಗೆ, ಪಕ್ಕದಲ್ಲೇ ವೈರ್ ಹಿಡಿದು ಕೂತ ಅವನಿಗೆ ಬಿಟ್ಟು ಬೇರೆ ಯಾರಿಗೂ ಕೇಳದ ಹಾಗೆ ಮಾತಾಡುತ್ತಾಳೆ.

"ಗೋಪವ್ವನ ಬೆನ್ನು ಹುಳಾ ಬೀಳೋದೊಂದು ಬಾಕಿ ಇತ್ರಿ ಸಾವ್ಕಾರ್ರ. ನಿಮ್ಮದು ನೋಡ್ರಿ, ಹಸಗೂಸಿನ ಬೆನ್ನು ಆಗೇದ." ಬಚ್ಚಲಿಗೆ ಒಯ್ಯುವಾಗ, "ಕಂಬಿ ಗಟ್ಟಿ ಹಿಡೀರಿ. ಗೋಪವ್ವಗ ಹಿಡಿಯಾಕ ಏನೂ ಇರಲಿಲ್ಲ." ಮತ್ತೆ ನೀರು. ಬೆಳಗ್ಗೆ, ಮಧ್ಯಾಹ್ನ, ಸಂಜೆಯ ಮೇಲಂತೂ ತಪ್ಪದೆ. "ಗೋಪವ್ವನ ಹೆಸರಿಲೆ."

ಗಂಟೆ ಒತ್ತಿದರೆ ಓಡಿ ಬರುವವಳೂ ಅವಳೇ. ಹಾಗಾಗಿ ಅವರು ಒತ್ತುವುದನ್ನೇ ಬಿಟ್ಟರು. ಒತ್ತದಿದ್ದರೂ ಅವಳು ಬರುತ್ತಿದ್ದಳು.

ಒಮ್ಮೆ ಮಗಳು ಬಂದಾಗ ಮರಿಸ್ವಾಮಿ ಅವಳ ಕೈ ಹಿಡಿದು ತೊದಲಿದರು. "ಈಕಿ... ನನ್ನ ಕೊಲ್ಲಾಕತ್ತಾಳ. ಬ್ಯಾರೆ ಕಡಿ ಒಯ್ಯಿ."

ಶೈಲಶ್ರೀ ಒಳ್ಳೆಯ ಮಗಳು, ಮಾತು ತೆಗೆದುಹಾಕಲಿಲ್ಲ. ತಂದೆಯ ಬೆನ್ನು ನೋಡಿದಳು, ತೊಡೆ ನೋಡಿದಳು, ತುಟಿ ಒಣಗಿದೆಯೇ ಎಂದು ನೋಡಿದಳು. ಏಣಿಯ ಮೇಲಿದ್ದ ಉದಯಕುಮಾರನನ್ನು ಕರೆದು ಗಂಟೆ ಸರಿ ಇದೆಯೇ ಎಂದು ಕೇಳಿದಳು. ಸರಿ ಇತ್ತು. ವಾರಕ್ಕೊಮ್ಮೆ ಬರುವ ಡಾಕ್ಟರು ಇಂಥ ಆರೈಕೆ ತಾನು ರಾಯಚೂರಿನಲ್ಲೂ ಕಂಡಿಲ್ಲ ಎಂದರು. ಶೈಲಶ್ರೀಗೆ ನಾಚಿಕೆಯಾಯಿತು. ಮುಂದಿನ ಸಲ ಬರುವಾಗ ಇಳಕಲ್ ಸೀರೆ ತಂದು ಮಾನಮ್ಮನ ಕೈಗಿತ್ತಳು.

"ತಪ್ಪು ತಿಳ್ಕೋಬ್ಯಾಡ್ರಿ ಮಾನಮ್ಮಾರ. ವಯಸ್ಸಾದವ್ರು ಹಂಗ ಅಂತಾರ."

ಮರಿಸ್ವಾಮಿಯ ಮುಖ ಬೂದಿಯಾಯಿತು. ಮಾನಮ್ಮ ಸೀರೆಯನ್ನು ಕಣ್ಣಿಗೊತ್ತಿಕೊಂಡಳು. "ಹೌದ್ರೀ, ನಮ್ಮಕ್ಕನೂ ಹಂಗ ಅಂತಿದ್ಲು." ಆ ಹೊತ್ತಿನ ಅವಳ ನಗುವನ್ನು ಉದಯಕುಮಾರ ಈಗಲೂ ನೆನೆಸಿಕೊಂಡರೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ.

ಮರುದಿನದಿಂದ ಮರಿಸ್ವಾಮಿ ಬಾಯಿ ಬಿಗಿದರು. ಹಲ್ಲು ಕಚ್ಚಿ ಮಲಗಿದರೆ ಚಮಚ ಒಳಗೆ ಹೋಗುತ್ತಿರಲಿಲ್ಲ. ಬೇರೆ ಆಯಾ ಬಂದರೂ ಇಲ್ಲ. ಹೀಗೇ ಆದರೆ ರಾಯಚೂರಿನ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು, ಉಳಿಯುವುದು ಕಷ್ಟ ಎಂದರು ಡಾಕ್ಟರು. ಮಾನಮ್ಮ ಹೆದರಿದ್ದನ್ನು ಉದಯಕುಮಾರ ಕಂಡದ್ದು ಆಗಲೇ. ಅವಳ ಕಣ್ಣು ಗುಳಿಬಿದ್ದಿದ್ದವು. ಅವರು ಹೀಗೇ ಹೋಗಿಬಿಟ್ಟರೆ ಆ ಮಾತೂ ಅವರ ಜೊತೆಗೇ ಹೋಗುತ್ತದೆ.

ಅವಳು ಚಮಚ ಕೆಳಗಿಟ್ಟು ಅವರ ಕಿವಿಗೆ ಬಗ್ಗಿದಳು. "ಸಾವ್ಕಾರ್ರ, ಒಂದು ಮಾತು ಹೇಳಿಬಿಡ್ರಿ. ಆಕಿ ನೀರು ಕೇಳಿದ್ಲೋ ಇಲ್ಲೋ? ಹೇಳಿದ್ರ ಇನ್ನ ಹೆಸರು ಎತ್ತಂಗಿಲ್ಲ. ನಮ್ಮಕ್ಕನ ಆಣಿ."

ಅವರು ಗೋಡೆಯ ಕಡೆ ಮುಖ ಮಾಡಿದರು.

ಆ ಮಧ್ಯಾಹ್ನ ಶೈಲಶ್ರೀ ಮಂಚದ ಪಕ್ಕ ಅಳುತ್ತ ಕೂತಿದ್ದಳು. ಉದಯಕುಮಾರ ಪಕ್ಕದ ಮಂಚದ ಗಂಟೆ ಬಿಚ್ಚಿ ಸರಿಮಾಡುತ್ತಿದ್ದ. ಮರಿಸ್ವಾಮಿ ಎಡಗೈಯಿಂದ ಅವನನ್ನು ಕರೆದು, ತಮ್ಮ ಗಂಟೆಯ ವೈರು ತೋರಿಸಿದರು.

"ಕಿತ್ತು ಹಾಕು."

"ಅದು ಕೀಳೋ ಹಂಗಿಲ್ರೀ ಯಜಮಾನ್ರ. ಇಲ್ಲಿ ರೂಲ್ಸ್ ಅದ. ಹೊತ್ತಲ್ಲದ ಹೊತ್ತಿನ್ಯಾಗ ಏನಾರ ಆದ್ರ?"

"ಏನಾಗ್ತದ?" ಹಳೆಯ ಗತ್ತು ಒಂದು ಕ್ಷಣ ಆ ಸೊಟ್ಟ ಬಾಯಿಗೆ ಮರಳಿ ಬಂತು. "ಅಲ್ಲಿ... ಎಲ್ಲಾ ಕೀಳಿಸಿದ್ದೆ. ಏನಾತು?"

ಶೈಲಶ್ರೀ ತಲೆಯೆತ್ತಿದಳು. "ಎಲ್ಲಿ, ಅಪ್ಪಾಜಿ? ಎಲ್ಲಿ ಕೀಳಿಸಿದ್ರಿ?"

ಆಡಿದ ಮಾತನ್ನು ಮರಳಿ ನುಂಗಲು ಅವರ ಗಂಟಲಲ್ಲಿ ಪಸೆ ಇರಲಿಲ್ಲ. ಮಂಚದ ಕಾಲ ಬಳಿ ನಿಂತಿದ್ದ ಮಾನಮ್ಮ ಮುಂದೆ ಬಂದಳು. ದನಿ ಎತ್ತರಿಸಲಿಲ್ಲ.

"ಹೇಳ್ರಿ ಸಾವ್ಕಾರ್ರ. ಮಗಳು ಕೇಳಾಕತ್ತಾರ. ಗಂಟಿ ಕೀಳಿಸಿದ ಮ್ಯಾಲೆ ನಮ್ಮ ಗೋಪವ್ವ ಬಾಯಿಲೇ ಒದರಿದ್ಲಲ್ಲ, ಏನಂತ ಒದರಿದ್ಲು?"

ಅವರು ಮಗಳನ್ನು ನೋಡಿದರು. ಮಗಳು ಅವರನ್ನೇ ನೋಡುತ್ತಿದ್ದಳು. ಕಡೆಗೆ ಒಡೆದ ತುಟಿ ಬೇರ್ಪಟ್ಟವು.

"ನೀರು. ನೀರು ಕೇಳಿದ್ಲು."

"ಕೊಟ್ರೇನು?"

ಅವರು ತಲೆಯಾಡಿಸಿದರು. ಇಲ್ಲ.

ಶೈಲಶ್ರೀ ಎದ್ದಳು. ತಾನೇ ಕೊಟ್ಟ ಇಳಕಲ್ ಸೀರೆ ಮಾನಮ್ಮನ ಮೈಮೇಲೆ ಕಣ್ಣಿಗೆ ಬಿದ್ದದ್ದೇ ಹೊರಗೆ ನಡೆದಳು. ಮಾನಮ್ಮ ಅವಳ ಹಿಂದೆ ಹೋಗಲಿಲ್ಲ. ಮಂಚದ ತಲೆಭಾಗ ಎತ್ತರಿಸಿದಳು, ಟವೆಲ್ ಸಿಕ್ಕಿಸಿದಳು, ಚಮಚ ತುಂಬಿದಳು. ಅಕ್ಕನ ಹೆಸರು ಎತ್ತದೆ ಚಮಚವನ್ನು ಅವರ ತುಟಿಗೆ ಹಿಡಿದಳು. ಮರಿಸ್ವಾಮಿ ಬಾಯಿ ತೆರೆದರು.

ಶೈಲಶ್ರೀ ಬರುವುದು ಕಡಿಮೆಯಾಯಿತು. ಬಂದರೂ ಬಾಗಿಲಲ್ಲೇ ನಿಂತು ಸೂಪರಿಂಟೆಂಡೆಂಟ್ ಹತ್ತಿರ ಮಾತಾಡಿ ಹೋಗುತ್ತಿದ್ದಳಂತೆ.

ಮಳೆಗಾಲ ಹಿಡಿದ ಮೇಲೆ ಉದಯಕುಮಾರ ಮತ್ತೆ ಹೋದ. ಮಾನಮ್ಮ ಆಣೆ ಉಳಿಸಿಕೊಂಡಿದ್ದಳು. ಚಮಚ ಎತ್ತುತ್ತಿದ್ದಳು, ಮಾತಿಲ್ಲ. ಆದರೆ ಚಮಚ ತುಟಿಗೆ ಬರುವ ಮೊದಲು ಮರಿಸ್ವಾಮಿ ತಾವೇ ಏನೋ ಗೊಣಗುತ್ತಿದ್ದರು. ಹತ್ತಿರ ಹೋಗಿ ಕಿವಿಗೊಟ್ಟ.

"ಗೋಪಮ್ಮನ... ಹೆಸರಿಲೆ."

ಪ್ರತಿ ಚಮಚಕ್ಕೂ ಹಾಗೇ. ಅವರಾಗಿಯೇ. ಅನ್ನದಿದ್ದರೆ ನೀರು ಒಳಗೆ ಇಳಿಯುತ್ತಲೇ ಇರಲಿಲ್ಲ.

ಉದಯಕುಮಾರನಿಗೆ ಕರುಳು ಚುರ್ ಎಂದಿತು. ಅವನಿಗೆ ಅದು ಬೇಗ ಚುರ್ ಅನ್ನುತ್ತದೆ, ಅಂಗಿ ಒದ್ದೆ ಮಾಡಿಸಿಕೊಂಡರೂ ಬುದ್ಧಿ ಬಂದಿಲ್ಲ. ಮಾನಮ್ಮ ತಂಬಿಗೆ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ಹಿಂದೆಯೇ ಹೋದ.

"ಅಕ್ಕಾ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅವ್ರು ಸತ್ರ ನಿಮಗ ಖುಷಿ ಆಗ್ತದೇನು?"

ಮಾನಮ್ಮ ತಂಬಿಗೆಯನ್ನು ಬೆಳಕಿಗೆ ಹಿಡಿದು, ಒಳಗೆ ಕಸ ಉಳಿದಿಲ್ಲವೆಂದು ನೋಡಿಕೊಂಡಳು.

"ಹುಚ್ಚ ಹಿಡದದೇನೋ ನಿನಗ? ಅವ ಸಾಯಬಾರ್ದು. ನೂರು ವರ್ಷ ಬದುಕಬೇಕು. ಇಲ್ಲೇ, ನನ್ನ ಕೈಯಾಗ."