ಪಂಚಾಂಗದಲ್ಲಿಲ್ಲದ ಗ್ರಹಣ

ತಲೆಯೆತ್ತಿಕೊಂಡು ನಡೆಯುವ ಅಭ್ಯಾಸ ನನ್ನದು. ಸೊಕ್ಕಿನಿಂದಲ್ಲ ಸ್ವಾಮಿ, ನಕ್ಷತ್ರಗಳ ಹುಚ್ಚಿನಿಂದ. ಇದರ ಫಲವಾಗಿ ಜಯಲಕ್ಷ್ಮಿಪುರಂನ ಚರಂಡಿಗಳೆಲ್ಲ ನನಗೆ ಕಾಲಿನ ಮೂಲಕವೇ ಪರಿಚಯವಾಗಿವೆ.

ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ತನ್ನ ಹುಚ್ಚನ್ನು ತನ್ನಲ್ಲೇ ಇಟ್ಟುಕೊಳ್ಳಬಹುದಿತ್ತು. ನಾನು ಇಟ್ಟುಕೊಳ್ಳಲಿಲ್ಲ. ನಮ್ಮ ಬೀದಿಯ ವಾಚನಾಲಯದ ಕರಿಹಲಗೆಯ ಮೇಲೆ ತಿಂಗಳು ತಿಂಗಳೂ 'ಈ ತಿಂಗಳ ಆಕಾಶ' ಎಂದು ಬರೆಯುತ್ತಿದ್ದೆ. ಅಕ್ಟೋಬರ್ ಬಂತೆಂದರೆ ನನಗೆ ಹಬ್ಬ. ಮಳೆ ತೊಳೆದಿಟ್ಟ ಆಕಾಶ, ದಸರೆಯ ದೀಪಗಳದೊಂದೇ ತಕರಾರು. ಅರಮನೆಯ ದೀಪ ಹತ್ತಿದಾಗ ಊರೆಲ್ಲ ಬಾಯಿಬಿಟ್ಟು ನೋಡಿದರೆ, ನಾನೊಬ್ಬ ಅದು ಯಾವಾಗ ಆರುತ್ತದೋ ಎಂದು ಕಾಯುತ್ತಿದ್ದೆ.

ಐವತ್ತೆಂಟನೆಯ ಇಸವಿಯ ಅಕ್ಟೋಬರಿನಲ್ಲಿ ಹಲಗೆಯ ಮೇಲೆ ಮೂರು ವಿಶೇಷ ಬರೆದೆ: ಬೆಳಗಿನ ಜಾವ ಉಲ್ಕೆಗಳು, ಕೃತ್ತಿಕೆಯ ಹತ್ತಿರ ಕೆಂಪಗೆ ಹೊಳೆಯುವ ಮಂಗಳ, ಹುಣ್ಣಿಮೆಯ ಸಂಜೆ ಚಂದ್ರಗ್ರಹಣ. ಉಲ್ಕೆ ನೋಡಲು ಎಬ್ಬಿಸಿದರೆ ನನ್ನಾಕೆ, "ಹೇಗೂ ಎದ್ದಿದ್ದೀರಲ್ಲ, ಹಂಡೆಗೆ ಉರಿ ಹಾಕ್ಬಿಡಿ" ಎಂದು ಮಗ್ಗುಲು ಬದಲಿಸಿದಳು. ಮಂಗಳನನ್ನು ಕೇಳುವವರೇ ಇರಲಿಲ್ಲ. ಗ್ರಹಣ ಮಾತ್ರ ಬೀದಿಗೆಲ್ಲ ಮುಟ್ಟಿತು.

ಮುಟ್ಟಿದ ರೀತಿ ಹೇಳಬೇಕು. ಪಕ್ಕದ ಮನೆಯ ನಿಂಗೇಗೌಡರು ಮಂಡಿ ಮೊಹಲ್ಲಾದಲ್ಲಿ ಬೆಲ್ಲದ ವ್ಯಾಪಾರದವರು. ಅವರ ಮಗಳು ಸರೋಜ ನನ್ನ ಶಿಷ್ಯೆ. ಆ ಹುಣ್ಣಿಮೆಯ ಸಂಜೆಯೇ ಅವಳ ನಿಶ್ಚಿತಾರ್ಥ, ಜೋಯಿಸರು ಪಂಚಾಂಗ ನೋಡಿಯೇ ಇಟ್ಟ ಮುಹೂರ್ತ. ನರಸೀಪುರದ ಕಡೆಯಿಂದ ಗಂಡಿನವರು ಬಂದಿಳಿದರು. ಹುಡುಗನ ತಾತ ಎಲೆಅಡಿಕೆ ಜಗಿಯುತ್ತ ಬೀದಿ ಸುತ್ತಲು ಹೊರಟವರು, ಕೈಹಿಡಿದಿದ್ದ ಮೊಮ್ಮಗಳಿಂದ ನನ್ನ ಹಲಗೆ ಓದಿಸಿಬಿಟ್ಟರು. ನನ್ನ ಅಕ್ಷರ ಬೇರೆ ದುಂಡಗೆ.

"ಗ್ರಹಣದಾಗೆ ಯಾರಾದ್ರೂ ವೀಳ್ಯ ಬದಲಾಯಿಸ್ತಾರಾ ಗೌಡ್ರೇ? ನಡೀರ್ಲಾ, ಊರಿಗೆ ಓಗವ!"

ಗೌಡರು ನಮ್ಮ ಮನೆಗೆ ಓಡಿ ಬಂದರು. "ಏನ್ ಮೇಷ್ಟ್ರೇ, ನನ್ ಮಗಳ ಮದ್ವೆಗೆ ಕಲ್ಲಾಕ್ಬುಟ್ರಲ್ಲ!"

ನನ್ನ ತಪ್ಪು ಆಗ ಹೊಳೆಯಿತು. ಅದು ಬರೀ ಅರೆನೆರಳಿನ ಗ್ರಹಣ. ಭೂಮಿಯ ಗಾಢ ನೆರಳು ಚಂದ್ರನನ್ನು ಮುಟ್ಟುವುದೇ ಇಲ್ಲ, ಅಂಚು ತುಸು ಮಸುಕಾಗುತ್ತದೆ, ಅಷ್ಟೆ. ಪಂಚಾಂಗದವರು ಇಂಥದನ್ನು ಗ್ರಹಣವೆಂದು ಒಪ್ಪುವುದೇ ಇಲ್ಲ. ಸ್ನಾನವಿಲ್ಲ, ಉಪವಾಸವಿಲ್ಲ. ಆ 'ಅರೆನೆರಳು' ಎಂಬ ಮಾತನ್ನು ಹಲಗೆಯಲ್ಲಿ ಜಾಗ ಸಾಲದೆಂದು ನಾನು ಬಿಟ್ಟಿದ್ದೆ. ವರ್ಷಗಟ್ಟಲೆ ತರಗತಿಯಲ್ಲಿ ಪಂಚಾಂಗವನ್ನು ಗೇಲಿ ಮಾಡಿದವನು ಅಂದು ಹೆಂಡತಿಯ ಪಂಚಾಂಗವನ್ನೇ ಕಂಕುಳಲ್ಲಿಟ್ಟುಕೊಂಡು ಓಡಿದೆ. ಅವಳ ಮುಖದ ಆನಂದವನ್ನು ಏನೆಂದು ಹೇಳಲಿ!

ತಾತ ಪಂಚಾಂಗವನ್ನೂ ಓದಿಸಿ ಕೇಳಿದರು. "ಇದ್ರಾಗೆ ಇಲ್ಲ, ಅಲಗೆ ಮ್ಯಾಲದೆ. ಯಾವ್ದು ನಿಜ? ನೋಡೇಬುಡವ" ಎಂದು ಎಲ್ಲರನ್ನೂ ತಾರಸಿಗೆ ಹತ್ತಿಸಿದರು. ಗಂಟೆ ಎಂಟೂಮುಕ್ಕಾಲು. ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಕಾದಿದ್ದವು. ಕೆಳಗೆ ಅಡುಗೆ ಆರುತ್ತಿತ್ತು.

"ಮೇಷ್ಟ್ರೇ, ಏನ್ ಕಾಣ್ತದೆ ಯೋಳಿ."

ಚಂದ್ರನ ಒಂದು ಅಂಚು ಹೊಗೆ ಹಿಡಿದ ಲಾಂದ್ರದ ಗಾಜಿನಂತೆ ಮಸುಕಾಗಿದ್ದು ನನಗೆ ಚೆನ್ನಾಗಿಯೇ ಕಾಣುತ್ತಿತ್ತು. ಪಕ್ಕದಲ್ಲಿ ಗೌಡರು ಕೈಮುಗಿದು ನಿಂತಿದ್ದರು.

"ಏನೂ ಇಲ್ಲ ಯಜಮಾನ್ರೇ, ಶುಭ್ರವಾಗಿದ್ದಾನೆ" ಎಂದೆ.

ತಾತನದು ಪೊರೆ ಬಂದ ಕಣ್ಣು. ಅವರು ಸರೋಜಳತ್ತ ತಿರುಗಿ, "ನೀ ಯೋಳು ಮಗ" ಎಂದರು. ನಾನು ಕಣ್ಸನ್ನೆ ಮಾಡಿದೆ. ಅವಳು ಚಂದ್ರನನ್ನು ನೋಡುತ್ತಿದ್ದಳು, ನನ್ನನ್ನಲ್ಲ.

"ಆ ಅಂಚು ಒಂಚೂರು ಮಸುಕಾಗಿದೆ ತಾತ. ಗಮನ ಇಟ್ಟು ನೋಡಿದ್ರೆ ಗೊತ್ತಾಗ್ತದೆ."

ಗೌಡರು "ಅಯ್ಯೋ ಶಿವನೇ" ಎಂದು ಕುಸಿದು ಕೂತರು. ತಾತ ಗಹಗಹಿಸಿ ನಕ್ಕರು. "ಮದ್ವೆ ಮುರಿದೋದ್ರೂ ಸುಳ್ಳು ಯೋಳಾಕಿಲ್ಲ ಈ ಮಗ! ಇಂಥ ಎಣ್ಣು ಎಲ್ಲಿ ಸಿಕ್ತದ್ರೋ? ಮಸುಕಾದ್ರೆ ಆಗ್ಲಿ, ಪಂಚಾಂಗದಾಗೆ ಇಲ್ವಲ್ಲ. ತಟ್ಟೆ ತನ್ನಿ!"

ವೀಳ್ಯ ಬದಲಾಯಿತು. ಊಟಕ್ಕೆ ಕೂತಾಗ ಸರೋಜ ನನ್ನ ಎಲೆಗೆ ಒಬ್ಬಟ್ಟು ಬಡಿಸುತ್ತ ಮೆಲ್ಲಗೆ, "ಒಂದ್ಸಲ ಕಣ್ಣು ತೋರಿಸ್ಕೊಳ್ಳಿ ಸಾರ್" ಎಂದಳು. ತಮಾಷೆಗಲ್ಲ, ನಿಜವಾದ ಚಿಂತೆಯಿಂದ. ಮೇಷ್ಟ್ರು ಕಂಡದ್ದನ್ನು ಕಾಣಲಿಲ್ಲ ಎನ್ನಬಹುದೆಂದು ಆ ಹುಡುಗಿಗೆ ಹೊಳೆದೇ ಇರಲಿಲ್ಲ.

ಅವಳ ಮಾತಿಗಾಗಿ ಆ ವಾರವೇ ತೋರಿಸಿಕೊಂಡೆ. ಕಣ್ಣಲ್ಲಿ ಯಾವ ದೋಷವೂ ಇಲ್ಲ ಎಂದರು ಡಾಕ್ಟರು. ಅದು ನನಗೆ ಮೊದಲೇ ಗೊತ್ತಿತ್ತು.